ಪಾದದ ಕೀಲಿಗೆ ಕಾರ್ಟಿಲೇಜ್, ಮೂಳೆ ಕಸಿ: ಸ್ಕ್ಯಾನ್‌ನಿಂದ ಮತ್ತೆ ನಡೆಯುವವರೆಗೆ

ಕಾಲು ಉಳುಕಿ ತಿಂಗಳುಗಳೇ ಆಗಿವೆ. ಊತ ಇಳಿಯುತ್ತದೆ, ಮತ್ತೆ ಬರುತ್ತದೆ. ತೋಟದಲ್ಲಿ ಅರ್ಧ ದಿನ ಓಡಾಡಿದರೆ ಸಂಜೆಗೆ ಪಾದದ ಕೀಲಿನ ಆಳದಲ್ಲೆಲ್ಲೋ ನೋವು. ಎಕ್ಸ್‌ರೇ ನೋಡಿದವರು "ಮೂಳೆ ಮುರಿದಿಲ್ಲ" ಅಂದಿದ್ದಾರೆ. ಇಂಥವರಲ್ಲಿ ಕೆಲವರಿಗೆ ಕೀಲಿನೊಳಗಿನ ಕಾರ್ಟಿಲೇಜ್ (ಮೂಳೆಯ ಮೇಲಿನ ನುಣುಪಾದ ಪದರ) ಕಿತ್ತು, ಕೆಳಗಿನ ಮೂಳೆಯಲ್ಲಿ ಗುಳಿ ಬಿದ್ದಿರುತ್ತದೆ. ಗುಳಿ ದೊಡ್ಡದಾಗಿದ್ದರೆ ಬೇರೆ ಕಡೆಯಿಂದ ಮೂಳೆ, ಕಾರ್ಟಿಲೇಜ್ ತಂದು ತುಂಬಬೇಕಾಗುತ್ತದೆ. ಈ ಲೇಖನ ಅವರಿಗೆ, ಅವರ ಮನೆಯವರಿಗೆ.

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿ ಮಾಡುವವನು. ಆಪರೇಷನ್ ಮಾಡುವವನಲ್ಲ, ಮಾಡಿಸಿಕೊಂಡು ಬಂದವರನ್ನು ಮತ್ತೆ ನಡೆಸುವವನು. ಇಲ್ಲಿ ಕೂತು ನೋಡಿದರೆ ನನಗೆ ಕಾಣುವುದು ಇಷ್ಟು: ಕಸಿ ಕೂರುತ್ತದೋ ಇಲ್ಲವೋ ಎಂಬುದು ಆಪರೇಷನ್ ಥಿಯೇಟರಿನಲ್ಲಿ ಎಷ್ಟು ತೀರ್ಮಾನವಾಗುತ್ತದೋ ಮನೆಯಲ್ಲೂ ಅಷ್ಟೇ ಆಗುತ್ತದೆ. ಒಳ್ಳೆ ಡಾಕ್ಟರನ್ನು ಎಲ್ಲರೂ ಹುಡುಕುತ್ತಾರೆ. ಆರು ವಾರ ಕಾಲು ನೆಲಕ್ಕೆ ಊರದೆ ಇರುವುದು ಹೇಗೆ ಅಂತ ಮೊದಲೇ ಯೋಚಿಸುವವರು ಕಡಿಮೆ.

1. ಮೊದಲು, ಇದು ಅದೇ ತೊಂದರೆಯಾ ನೋಡಿಸಿ

ಪಾದದ ಕೀಲಿನಲ್ಲಿ ಮೂರು ಮೂಳೆ ಸೇರುತ್ತವೆ. ಮೇಲಿನಿಂದ ಎರಡು ಬಂದು ಒಳಗಿಣ್ಣು, ಹೊರಗಿಣ್ಣು ಆಗಿವೆ. ಅವೆರಡರ ನಡುವೆ ಕೂತಿರುವ ಮೂಳೆಯೇ ಟೇಲಸ್. ಇದರ ಮೇಲ್ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಕಾರ್ಟಿಲೇಜ್‌ನಿಂದಲೇ ಮುಚ್ಚಿದೆ. ಒಂದೇ ಒಂದು ಸ್ನಾಯುವೂ ಇದಕ್ಕೆ ಅಂಟಿಕೊಂಡಿಲ್ಲ. ಹಾಗಾಗಿ ರಕ್ತನಾಳಗಳು ಒಳಗೆ ಹೋಗಲು ಜಾಗ ಕಡಿಮೆ, ಪೆಟ್ಟು ಬಿದ್ದರೆ ವಾಸಿಯಾಗುವುದೂ ನಿಧಾನ. ಕಾರ್ಟಿಲೇಜ್‌ಗಂತೂ ರಕ್ತವೂ ಇಲ್ಲ, ನರವೂ ಇಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ.

ಉಳುಕಿದ ಮೇಲೆ ಆರೆಂಟು ವಾರ ಕಳೆದರೂ ನೋವು, ಊತ ಹೋಗದಿದ್ದರೆ, ಕೀಲು ನಡುನಡುವೆ ಸಿಕ್ಕಿಹಾಕಿಕೊಂಡಂತೆ ಆದರೆ, ನಡೆಯುವಾಗ ಕಾಲು ಪದೇಪದೇ ತಿರುಚಿದರೆ ಮೂಳೆ ಡಾಕ್ಟರಿಗೆ ತೋರಿಸಿ. ನಮ್ಮ ಕಡೆ ಉಳುಕು ತೆಗೆಯುವವರ ಹತ್ತಿರ ಹೋಗುವುದು, ಪುತ್ತೂರು ಕಟ್ಟು ಹಾಕಿಸುವುದು ಮಾಮೂಲು. ಬೈದು ಪ್ರಯೋಜನವಿಲ್ಲ, ನಮ್ಮ ಮನೆಯಲ್ಲೂ ಹೋಗುವವರಿದ್ದಾರೆ. ಆದರೆ ಕೀಲಿನೊಳಗಿನ ಗುಳಿಯನ್ನು ಹೊರಗಿನ ಕಟ್ಟು ತುಂಬಲಾರದು. ಕಟ್ಟು ಹಾಕಿಸಿ ಎರಡು ತಿಂಗಳಾದರೂ ನೋವಿದ್ದರೆ ಇನ್ನೊಂದು ಕಟ್ಟು ಬೇಡ, ಸ್ಕ್ಯಾನ್ ಬೇಕು.

ಎಕ್ಸ್‌ರೇ ನಿಂತುಕೊಂಡು ತೆಗೆಸಿ, ಕಾಲಿನ ಓರೆ ಗೊತ್ತಾಗುತ್ತದೆ. ಆದರೆ ಇಂಥ ಗುಳಿಗಳಲ್ಲಿ ಬಹಳಷ್ಟು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಕಾರ್ಟಿಲೇಜ್ ಮತ್ತು ಮೂಳೆಯೊಳಗಿನ ಊತ ಕಾಣುವುದು ಎಂಆರ್‌ಐನಲ್ಲಿ. ಮೂಳೆಯಲ್ಲಿ ನೀರುಗುಳ್ಳೆಯಂಥ ಪೊಳ್ಳು ಇದ್ದರೆ ಅದರ ಅಳತೆಗೆ ಸಿಟಿ ಸ್ಕ್ಯಾನ್ ಒಳ್ಳೆಯದು. ಎರಡನ್ನೂ ಬರೆದುಕೊಟ್ಟರೆ ಸುಮ್ನೆ ಖರ್ಚು ಮಾಡಿಸುತ್ತಿದ್ದಾರೆ ಅಂದುಕೊಳ್ಳಬೇಡಿ, ಕಸಿಯ ವಿಷಯದಲ್ಲಿ ಎರಡಕ್ಕೂ ಕೆಲಸವಿದೆ.

ಇನ್ನೊಂದು ಮಾತು. ಬೇರೆ ಕಾರಣಕ್ಕೆ ತೆಗೆಸಿದ ಎಂಆರ್‌ಐನಲ್ಲಿ ಗುಳಿ ಕಂಡಿತು, ಆದರೆ ನೋವೇ ಇಲ್ಲ ಅನ್ನುವವರೂ ಇದ್ದಾರೆ. ಸಾಮಾನ್ಯವಾಗಿ ಅವರಿಗೆ ಆಪರೇಷನ್ ಬೇಕಿಲ್ಲ. ಬೆಳೆಯುವ ಮಕ್ಕಳಲ್ಲಿ ಚೂರು ಕಿತ್ತು ಬಂದಿರದಿದ್ದರೆ ಕೆಲವು ತಿಂಗಳ ವಿಶ್ರಾಂತಿಯಲ್ಲೇ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ದೊಡ್ಡವರಲ್ಲೂ ಚೂರು ಕದಲಿಲ್ಲದಿದ್ದರೆ ಮೊದಲು ಕೀಲು ಅಲುಗದಂತೆ ಹಿಡಿಯುವ ಬೂಟು, ವಿಶ್ರಾಂತಿ, ವ್ಯಾಯಾಮ. ನೇರವಾಗಿ ಕಸಿಗೆ ಹೋಗುವುದು ಅಪರೂಪ.

2. ಗುಳಿಯ ಅಳತೆ ಕೇಳಿ

ಸ್ಕ್ಯಾನ್ ವರದಿಯಲ್ಲಿ ಮೂರು ಅಂಕಿ ಇರುತ್ತವೆ: ಉದ್ದ, ಅಗಲ, ಆಳ. ಡಾಕ್ಟರ ಮುಂದೆ ಕೂತಾಗ ಅವನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಆಪರೇಷನ್ ಅನ್ನುವುದು ಬಹುಮಟ್ಟಿಗೆ ಇದರ ಮೇಲೇ ನಿಂತಿದೆ.

ಗುಳಿ ಸುಮಾರು 1 ಚದರ ಸೆಂಟಿಮೀಟರಿಗಿಂತ ಚಿಕ್ಕದಿದ್ದು ಆಳವೂ ಇಲ್ಲದಿದ್ದರೆ ಸಾಮಾನ್ಯವಾಗಿ ಕಸಿ ಮಾಡುವುದಿಲ್ಲ. ದೂರ್ಬೀನಿನಲ್ಲಿ (ಕೀಲಿನೊಳಗೆ ನೋಡುವ ಸಣ್ಣ ಕ್ಯಾಮೆರಾ ಕೊಳವೆ) ಸಣ್ಣ ತೂತುಗಳ ಮೂಲಕ ಒಳಗೆ ಹೋಗಿ, ಸಡಿಲ ಚೂರು ತೆಗೆದು, ಕೆಳಗಿನ ಮೂಳೆಗೆ ಅಲ್ಲಲ್ಲಿ ಚುಚ್ಚುತ್ತಾರೆ. ಇದು ಮೈಕ್ರೋಫ್ರ್ಯಾಕ್ಚರ್. ಮಜ್ಜೆಯಿಂದ ರಕ್ತ ಬಂದು ಹೆಪ್ಪುಗಟ್ಟಿ, ನಿಧಾನಕ್ಕೆ ಅಲ್ಲೊಂದು ಪದರ ಬೆಳೆಯುತ್ತದೆ. ಹೊಸ ಪದರ ಮೊದಲಿನ ಕಾರ್ಟಿಲೇಜ್‌ನಷ್ಟು ಗಟ್ಟಿಯಲ್ಲ, ಗಾಯದ ಕಲೆಯ ಜಾತಿಯದು. ಚಿಕ್ಕ ಗುಳಿಗೆ ಅಷ್ಟು ಸಾಕು.

ಗುಳಿ ಇದಕ್ಕಿಂತ ದೊಡ್ಡದು, ಆಳ ಜಾಸ್ತಿ, ಒಳಗೆ ಪೊಳ್ಳಿದೆ, ಅಥವಾ ಒಮ್ಮೆ ಚುಚ್ಚಿ ನೋಡಿದ್ದೂ ಫಲ ಕೊಟ್ಟಿಲ್ಲ ಅಂದಾಗ ಕಸಿಯ ಮಾತು ಬರುತ್ತದೆ. ಇಡೀ ಕೀಲೇ ಸವೆದು ಸಂಧಿವಾತ ಆಗಿದ್ದರೆ ಕಸಿಗೆ ಅರ್ಥವಿಲ್ಲ. ಆಗ ಕೀಲನ್ನು ಬೆಸೆಯುವುದು ಅಥವಾ ಬದಲಿಸುವುದು, ಅದು ಬೇರೆಯೇ ದಾರಿ.

3. ಯಾವ ಕಸಿ, ಎಲ್ಲಿಂದ ತರುತ್ತಾರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಾಕ್ಟರು ಐದು ನಿಮಿಷದಲ್ಲಿ ಹೇಳಿ ಮುಗಿಸುವುದು ಇದನ್ನೇ.

ಬರೀ ಮೂಳೆ ಕಸಿ. ಟೇಲಸ್ ಒಳಗೆ ಪೊಳ್ಳಿದ್ದರೆ ಅದನ್ನು ಕೆರೆದು ಸ್ವಚ್ಛ ಮಾಡಿ ನಿಮ್ಮದೇ ಮೂಳೆಯ ಮೆದು ಭಾಗವನ್ನು ಒತ್ತಿ ತುಂಬುತ್ತಾರೆ. ಆ ಮೂಳೆ ಸೊಂಟದ ಪಕ್ಕದ ಎಲುಬಿನಿಂದ, ಹಿಮ್ಮಡಿಯಿಂದ ಅಥವಾ ಮೊಣಕಾಲಿನ ಕೆಳಗಿನ ಉದ್ದ ಮೂಳೆಯಿಂದ ಬರುತ್ತದೆ. ಸೊಂಟದಿಂದ ತೆಗೆದರೆ ಮೊದಲ ಕೆಲವು ದಿನ ಕಾಲಿಗಿಂತ ಸೊಂಟವೇ ಜಾಸ್ತಿ ನೋಯಬಹುದು. ಗಾಬರಿ ಬೇಡ.

ಮೂಳೆಯ ಮೇಲೆ ಪೊರೆ. ತುಂಬಿದ ಮೂಳೆಯ ಮೇಲೆ ಕೊಲಾಜೆನ್ ಎಂಬ ಪ್ರೋಟೀನಿನ ಪೊರೆಯನ್ನು ಗುಳಿಯ ಆಕಾರಕ್ಕೆ ಕತ್ತರಿಸಿ ಅಂಟಿಸುತ್ತಾರೆ. ಮಜ್ಜೆಯಿಂದ ಬರುವ ಜೀವಕೋಶಗಳು ಆ ಪೊರೆಯಲ್ಲಿ ನೆಲೆ ನಿಂತು ಬೆಳೆಯಲಿ ಅಂತ. ಒಂದೇ ಆಪರೇಷನ್‌ನಲ್ಲಿ ಮುಗಿಯುತ್ತದೆ, ಮೊಣಕಾಲು ಮುಟ್ಟಬೇಕಿಲ್ಲ. ಪೊರೆಯ ಬೆಲೆ ಮಾತ್ರ ಬಿಲ್ಲಿನಲ್ಲಿ ದೊಡ್ಡದಾಗಿ ಕೂರುತ್ತದೆ.

ಮೊಣಕಾಲಿನಿಂದ ಬಿರಡೆ. ತೊಡೆಮೂಳೆಯ ತುದಿಯಲ್ಲಿ, ಭಾರ ಕಡಿಮೆ ಬೀಳುವ ಜಾಗದಿಂದ ಕಾರ್ಟಿಲೇಜ್ ಸಮೇತ ಮೂಳೆಯನ್ನು ಉರುಟು ಬಿರಡೆಯಂತೆ ಕೊರೆದು ತೆಗೆಯುತ್ತಾರೆ. ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಅಗಲ, ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಆಳ. ಟೇಲಸ್‌ನಲ್ಲೂ ಅದೇ ಅಳತೆಯ ತೂತು ಕೊರೆದು ಬಿಗಿಯಾಗಿ ಕೂರಿಸುತ್ತಾರೆ. ನಿಮ್ಮದೇ ನಿಜವಾದ ಕಾರ್ಟಿಲೇಜ್ ಅಲ್ಲಿಗೆ ಹೋಗುತ್ತದೆ ಅನ್ನುವುದು ಇದರ ದೊಡ್ಡ ಲಾಭ. ಕಷ್ಟ ಇರುವುದು ಮಟ್ಟ ಹಿಡಿಯುವುದರಲ್ಲಿ. ಬಿ.ಎಚ್. ರಸ್ತೆಯ ಗುಂಡಿಗೆ ಹಾಕಿದ ತೇಪೆ ಉಬ್ಬಿದ್ದರೂ ಕಷ್ಟ, ತಗ್ಗಿದ್ದರೂ ಕಷ್ಟ, ಅಲ್ವಾ? ಇಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಟೇಲಸ್ ಮೇಲಿನ ಕಾರ್ಟಿಲೇಜ್ ಇರುವುದೇ ಒಂದೂವರೆ ಮಿಲಿಮೀಟರಿನ ಆಸುಪಾಸು.

ಬಿರಡೆಗೆ ಒಪ್ಪುವ ಮುಂಚೆ ನಿಮ್ಮ ಮೊಣಕಾಲಿನ ಬಗ್ಗೆ ಯೋಚಿಸಿ. ತೆಗೆದ ಜಾಗದಲ್ಲಿ ಕೆಲವರಿಗೆ ನೋವು ಉಳಿಯುತ್ತದೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರು, ಟೈಲ್ಸ್ ಹಾಕುವವರು, ಮಂಡಿಯೂರಿ ನಮಾಜ್ ಅಥವಾ ಪೂಜೆ ಮಾಡುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ನಿಮ್ಮ ಕೆಲಸ ಏನು ಅಂತ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಕೋಶ ಬೆಳೆಸಿ ಹಾಕುವುದು. ಮೊದಲ ಆಪರೇಷನ್‌ನಲ್ಲಿ ಚೂರು ಕಾರ್ಟಿಲೇಜ್ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುತ್ತಾರೆ. ಕೆಲವು ವಾರದ ಮೇಲೆ ಎರಡನೇ ಆಪರೇಷನ್‌ನಲ್ಲಿ ಗುಳಿಗೆ ಹಾಕುತ್ತಾರೆ. ಮೊಣಕಾಲಿಗೆ ಹೀಗೆ ಮಾಡಿದ್ದನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರು, ಪಾದದ ಕೀಲಿಗೆ ಬಂದದ್ದು ಆಮೇಲೆ. ಎರಡು ಆಪರೇಷನ್, ಖರ್ಚೂ ಜಾಸ್ತಿ. ಮೂಳೆಯಲ್ಲೂ ಆಳದ ಗುಳಿ ಇದ್ದರೆ ಮೂಳೆ ಕಸಿ ಬೇರೆ ಬೇಕೇ ಬೇಕು. ಮೃತ ದಾನಿಯಿಂದ ಪಡೆದ ತಾಜಾ ಟೇಲಸ್ ಭಾಗ ಹಾಕುವ ವಿಧಾನವೂ ಇದೆ. ತೀರಾ ದೊಡ್ಡ ಗುಳಿಗೆ ಅದು. ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ.

ಇಷ್ಟರಲ್ಲಿ ಜನ ಕೇಳುವುದನ್ನು ಮರೆಯುವ ಒಂದು ಸಂಗತಿ ಇದೆ. ಗುಳಿ ಒಳಪಕ್ಕದಲ್ಲಿ ಅಥವಾ ಹಿಂದೆ ಇದ್ದರೆ ಮುಂದಿನಿಂದ ನೇರವಾಗಿ ಕೈ ಹೋಗುವುದಿಲ್ಲ. ಆಗ ಒಳಗಿಣ್ಣಿನ ಮೂಳೆಯನ್ನು ಕತ್ತರಿಸಿ ಬಾಗಿಲಿನಂತೆ ಸರಿಸಿ, ಕೆಲಸ ಮುಗಿದ ಮೇಲೆ ಸ್ಕ್ರೂ ಹಾಕಿ ಕೂಡಿಸುತ್ತಾರೆ. "ಗುಳಿ ತುಂಬಲು ಹೋಗಿ ಮೂಳೆ ಮುರಿದಿದ್ದಾರೆ" ಅಂತ ಎಕ್ಸ್‌ರೇ ನೋಡಿ ಗಾಬರಿಯಾದವರನ್ನು ನಾನು ನೋಡಿದ್ದೇನೆ. ಬೇಕಂತಲೇ ಮಾಡಿದ ಕತ್ತರಿಕೆ ಅದು. ಆದರೆ ಅದೂ ಕೂಡಬೇಕು. ಕಾಲು ಊರದೆ ಇರುವ ವಾರಗಳು ಅದಕ್ಕೂ ಬೇಕು.

ಹಾಗೇ, ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಲಿಗಮೆಂಟ್ ಸಡಿಲವಿದ್ದು ಕಾಲು ಪದೇಪದೇ ತಿರುಚುತ್ತಿದ್ದರೆ, ಹಿಮ್ಮಡಿ ಓರೆಯಾಗಿದ್ದರೆ, ಅದನ್ನು ಸರಿಪಡಿಸದೆ ಕಸಿ ಮಾತ್ರ ಮಾಡಿದರೆ ಹೊಸ ಜಾಗಕ್ಕೂ ಅದೇ ಏಟು ಬೀಳುತ್ತದೆ. "ಜೊತೆಗೆ ಲಿಗಮೆಂಟ್ ಬಿಗಿ ಮಾಡಬೇಕಾ?" ಅಂತ ಕೇಳಿ.

4. ಎಲ್ಲಿ ಮಾಡಿಸುವುದು, ದುಡ್ಡಿನ ದಾರಿ

ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೂ ಇಲ್ಲಿನ ಮೆಡಿಕಲ್ ಕಾಲೇಜುಗಳಲ್ಲೂ ಮೂಳೆ ವಿಭಾಗವಿದೆ. ಪರೀಕ್ಷೆ, ಸ್ಕ್ಯಾನ್, ಮೊದಲ ಸಲಹೆ ಇಲ್ಲೇ ಆಗಲಿ. ಕಸಿಗೆ ಪಾದದ ಕೀಲಿನ ಕೆಲಸ ನಿಯಮಿತವಾಗಿ ಮಾಡುವ ಸರ್ಜನ್ ಬೇಕು, ಅದಕ್ಕೆ ಬೆಂಗಳೂರಿಗೆ ಕಳಿಸಬಹುದು. ಅಲ್ಲಿ ಸರ್ಕಾರಿ ವಲಯದಲ್ಲಿ ಮೂಳೆಗೆಂದೇ ಇರುವುದು ಜಯನಗರದ ಸಂಜಯ್ ಗಾಂಧಿ ಸಂಸ್ಥೆ. "ಈ ಆಪರೇಷನ್ ನೀವು ಆಗಾಗ ಮಾಡುತ್ತೀರಾ ಸಾರ್?" ಅಂತ ಕೇಳುವುದರಲ್ಲಿ ಅಗೌರವ ಏನಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಇದು ತುರ್ತು ಆಪರೇಷನ್ ಅಲ್ಲ, ಆದ್ದರಿಂದ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬಗ್ಗೆ ವಿಚಾರಿಸಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ನಿಮ್ಮ ಆಪರೇಷನ್ ಯಾವ ಪ್ಯಾಕೇಜ್‌ಗೆ ಬರುತ್ತದೆ, ಪೊರೆ, ಸ್ಕ್ರೂ, ಕೋಶ ಬೆಳೆಸುವ ಖರ್ಚು ಅದರಲ್ಲಿ ಸೇರಿದೆಯಾ ಅಂತ ಮೂರನ್ನೂ ಬೇರೆಬೇರೆಯಾಗಿ ಕೇಳಿ. "ಎಲ್ಲಾ ಕವರ್ ಆಗುತ್ತೆ" ಎಂಬ ಒಂದೇ ಉತ್ತರಕ್ಕೆ ಸಮಾಧಾನ ಪಡಬೇಡಿ.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇಎಸ್‌ಐ ಇದ್ದರೆ ಚಿಕಿತ್ಸೆಯ ಜೊತೆ ಅನಾರೋಗ್ಯ ಭತ್ಯೆಯೂ ಉಂಟು: ಸಂಬಳದ ಶೇಕಡ 70 ಭಾಗ, ವರ್ಷಕ್ಕೆ 91 ದಿನದವರೆಗೆ. ಮೂರು ತಿಂಗಳು ಮನೆಯಲ್ಲಿ ಕೂರಬೇಕಾದ ಈ ಆಪರೇಷನ್‌ಗೆ ಅದು ದೊಡ್ಡ ಆಸರೆ. ಸರ್ಟಿಫಿಕೇಟು ಕಾಲಕಾಲಕ್ಕೆ ಕೊಡಬೇಕು, ತಡ ಮಾಡಬೇಡಿ.

5. ದಿನ ಗೊತ್ತು ಮಾಡುವ ಮುಂಚೆ ಮನೆ ಸಿದ್ಧ ಮಾಡಿ

ಅವಸರದ ಆಪರೇಷನ್ ಅಲ್ಲದ ಕಾರಣ ದಿನ ನಿಮ್ಮ ಕೈಯಲ್ಲಿದೆ. ಅಡಿಕೆ ಕೊಯ್ಲಿನ ಮಧ್ಯೆ, ಮನೆಯ ಮದುವೆಗೆ ಹದಿನೈದು ದಿನ ಇರುವಾಗ ಇಟ್ಟುಕೊಳ್ಳಬೇಡಿ. ಜೋರು ಮಳೆಗಾಲವೂ ಬೇಡ ಅನ್ನುತ್ತೇನೆ. ಪಾಚಿ ಹಿಡಿದ ಅಂಗಳದಲ್ಲಿ ಊರುಗೋಲು ಜಾರುತ್ತದೆ.

ಶೌಚಾಲಯ ಮೊದಲ ವಿಷಯ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಮಾತ್ರ ಇದ್ದರೆ ಪ್ಲಾಸ್ಟಿಕ್ ಅಥವಾ ಕಬ್ಬಿಣದ ಕಮೋಡ್ ಕುರ್ಚಿ ತಂದಿಡಿ. ಒಂಟಿ ಕಾಲಲ್ಲಿ ಕುಕ್ಕರಿಸಲು ಹೋಗಿ ಬಿದ್ದರೆ ಕಸಿಯ ಕಥೆ ಅಲ್ಲಿಗೇ ಮುಗಿಯಬಹುದು. ಸ್ನಾನಕ್ಕೆ ಒಂದು ಗಟ್ಟಿ ಕುರ್ಚಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಹೊರಗೆ ಚಾಚಿಡಲು ಒಂದು ಸ್ಟೂಲು. ಹಾಸಿಗೆ ನೆಲದ ಮೇಲೆ ಬೇಡ, ಮಂಚ ಬೇಕು. ಹಳೇ ಮನೆಗಳ ಹೊಸ್ತಿಲು ಎತ್ತರ ಇರುತ್ತದೆ. ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯಲ್ಲಿ ಎಷ್ಟು ಹೊಸ್ತಿಲು ಬರುತ್ತವೆ ನೋಡಿ. ಕಡಿಮೆ ಹೊಸ್ತಿಲ ಕೋಣೆಗೆ ಮಂಚ ಸಾಗಿಸಿ.

ಊರುಗೋಲು ಅಥವಾ ವಾಕರ್ ಆಪರೇಷನ್‌ಗೆ ಮುಂಚೆಯೇ ತಂದು ಅಭ್ಯಾಸ ಮಾಡಿ. ನೋವಿನಲ್ಲಿ ಕಲಿಯುವುದು ಕಷ್ಟ. ಊರುಗೋಲಿನ ಮೇಲ್ತುದಿಗೂ ಕಂಕುಳಿಗೂ ಎರಡು ಮೂರು ಬೆರಳು ಅಂತರ ಇರಲಿ, ಭಾರ ಅಂಗೈ ಮೇಲೆ ಬೀಳಲಿ. ಕಂಕುಳಲ್ಲಿ ಜೋತುಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಊರುಗೋಲು ಮೊದಲು. ವಯಸ್ಸಾದವರಿಗೆ ವಾಕರ್ ವಾಸಿ.

ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ನಿಲ್ಲಿಸಿ. ಉಪದೇಶಕ್ಕಲ್ಲ, ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೂಳೆ ಕೂಡುವುದು ತಡವಾಗುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಮೂಳೆಗೆ ಕಸಿ ಮಾಡಿಸಿಕೊಂಡು ಮೇಲೆ ಹೊಗೆಸೊಪ್ಪು ಜಗಿದರೆ ಏನು ಹೇಳುವುದು! ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚಿನಿಂದ ಮೂಳೆ ಕೂಡುವವರೆಗೆ ಬಿಡಬೇಕು. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿ, ಹತೋಟಿಗೆ ಬರುವವರೆಗೆ ಕಾಯಿರಿ. ವಿಟಮಿನ್ ಡಿ ಕಡಿಮೆ ಇದ್ದರೆ ಅದನ್ನೂ ಸರಿ ಮಾಡಿಕೊಳ್ಳಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

6. ಆಪರೇಷನ್ ದಿನ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ. ಹೇಳಿದ ಹೊತ್ತಿನಿಂದ ಖಾಲಿ ಹೊಟ್ಟೆ. ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಮನೆಗೆ ಬರುವಾಗ ಬಸ್ಸು, ರೈಲು ಬೇಡ. ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್. ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಕೂತು ಕಾಲು ದಿಂಬಿನ ಮೇಲೆ ಚಾಚಿಕೊಂಡು ಬನ್ನಿ.

7. ಮೊದಲ ಎರಡು ವಾರ

ಕೆಲಸ ಒಂದೇ, ಕಾಲು ಎದೆಮಟ್ಟಕ್ಕಿಂತ ಮೇಲೆ ಇಡುವುದು. ಕುರ್ಚಿಯಲ್ಲಿ ಕೂತು ಕಾಲು ಇಳಿಬಿಟ್ಟರೆ ಊದಿಕೊಂಡು ಹೊಲಿಗೆ ಎಳೆಯುತ್ತದೆ. ನೋಡಲು ಬಂದವರಿಗೆಲ್ಲ ಎದ್ದು ಕೂತು ಕಾಫಿ ಕೊಡಬೇಕಿಲ್ಲ. ಬೆರಳುಗಳನ್ನು ಆಡಿಸುತ್ತಿರಿ. ತೊಡೆಯ ಸ್ನಾಯು ಬಿಗಿ ಮಾಡಿ ಬಿಡಿ. ಕಾಲನ್ನು ನೇರವಾಗಿ ಎತ್ತಿ ಇಳಿಸಿ. ಹೊಲಿಗೆ ತೆಗೆಯುವುದು ಸುಮಾರು 10–14 ದಿನಕ್ಕೆ.

ಊಟದ ವಿಷಯದಲ್ಲಿ ಮನೆಯ ಹಿರಿಯರ ಜೊತೆ ಸ್ವಲ್ಪ ವಾದ ಆಗುತ್ತದೆ. ನಂಜು ಅಂತ ಬದನೆಕಾಯಿ ಬಿಟ್ಟರೆ ನಷ್ಟವೇನಿಲ್ಲ. ಬೇಳೆ, ಮೊಟ್ಟೆ, ಹಾಲೂ ಬಿಟ್ಟರೆ ನಷ್ಟ. ಗಾಯ ಮಾಯಲು ಪ್ರೋಟೀನ್ ಬೇಕು. ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು ಚೆನ್ನಾಗಿ ಉಣ್ಣಿ. ಕಾಲು ಸೂಪ್ ಇಷ್ಟವಿದ್ದರೆ ಕುಡಿಯಿರಿ, ಆದರೆ ಅದರಿಂದಲೇ ಮೂಳೆ ಬೇಗ ಕೂಡುತ್ತದೆ ಅಂತ ಕಾಲು ಬೇಗ ಊರಬೇಡಿ.

ಇವು ಕಂಡರೆ ಕಾಯಬೇಡಿ: ಮಾತ್ರೆಗೂ ಬಗ್ಗದೆ ಏರುತ್ತಲೇ ಇರುವ ನೋವು, ಬೆರಳು ನೀಲಿ ಅಥವಾ ಮರಗಟ್ಟುವುದು, ಜ್ವರ, ಪಟ್ಟಿಯಿಂದ ಕೀವು ಅಥವಾ ವಾಸನೆ, ಮೀನಖಂಡ ಊದಿ ನೋಯುವುದು. ಇದ್ದಕ್ಕಿದ್ದಂತೆ ಎದೆನೋವು, ಉಸಿರುಗಟ್ಟುವುದು ಬಂದರೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ತಕ್ಷಣ 108ಕ್ಕೆ ಕರೆ ಮಾಡಿ.

8. ಮೂರರಿಂದ ಆರನೇ ವಾರ

ಜನ ಎಡವುವುದು ಇಲ್ಲೇ. ನೋವು ಇಳಿದಿರುತ್ತದೆ, ಬೇಜಾರು ಏರಿರುತ್ತದೆ. "ಒಂದು ಸಲ ಊರಿ ನೋಡಿದೆ, ಏನೂ ಆಗಲಿಲ್ಲ ಸಾರ್" ಅನ್ನುತ್ತಾರೆ. ಆಗಿದ್ದು ಹೊರಗೆ ಕಾಣುವುದಿಲ್ಲ. ಕಸಿ ಮಾಡಿದ ಮೂಳೆ ಸುತ್ತಲಿನ ಮೂಳೆಯ ಜೊತೆ ಬೆಸೆದುಕೊಳ್ಳಲು ಸುಮಾರು ಆರು ವಾರ ಬೇಕು. ಅದಕ್ಕೆ ಮುಂಚೆ ಮೈಭಾರ ಬಿದ್ದರೆ ಬಿರಡೆ ಕುಸಿಯಬಹುದು, ಪೊರೆ ಸರಿಯಬಹುದು.

ಭಾರ ಬೇಡ, ಚಲನೆ ಬೇಕು. ಕಾರ್ಟಿಲೇಜ್‌ಗೆ ಆಹಾರ ಸಿಗುವುದು ಕೀಲಿನೊಳಗಿನ ದ್ರವದಿಂದ, ಕೀಲು ಆಡಿದರೆ ಆ ದ್ರವ ಎಲ್ಲ ಕಡೆ ಹರಿಯುತ್ತದೆ. ಡಾಕ್ಟರು ಒಪ್ಪಿದ ಮೇಲೆ ಬೂಟು ಬಿಚ್ಚಿ ದಿನಕ್ಕೆ ಕೆಲವು ಸಲ ಪಾದವನ್ನು ಮೇಲೆ ಕೆಳಗೆ ಆಡಿಸಿ. ಎಲ್ಲ ಕಡೆ ತಿರುಗಿಸಲು ಅನುಮತಿ ಸಿಕ್ಕಾಗ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಲು ಹೇಳುತ್ತೇನೆ. ವರ್ಣಮಾಲೆ ಮುಗಿಯುವಷ್ಟರಲ್ಲಿ ಕೀಲು ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಲಿಗಮೆಂಟ್ ಬಿಗಿ ಮಾಡಿದ್ದರೆ ಮಾತ್ರ ಒಳಗೆ ಹೊರಗೆ ತಿರುಗಿಸುವುದು ಆಮೇಲೆ. ಎಣ್ಣೆ ಹಾಕಿ ನೀವಿಸಿಕೊಳ್ಳುವುದು ಬೇಡ.

9. ಭಾರ ಹಾಕುವುದು

ಎಕ್ಸ್‌ರೇ ನೋಡಿ ಡಾಕ್ಟರು ಸರಿ ಅಂದ ಮೇಲೆ, ಸುಮಾರು ಆರನೇ ವಾರದಿಂದ. ಸ್ವಲ್ಪ ಭಾರ ಅಂದರೆ ಎಷ್ಟು ಅನ್ನುವುದು ಅಂದಾಜಿಗೆ ಸಿಗುವುದಿಲ್ಲ. ಅದಕ್ಕೆ ತೂಕದ ಯಂತ್ರ ಬಳಸಿ. ಪಕ್ಕದಲ್ಲಿ ಅದೇ ಎತ್ತರದ ಹಲಗೆ ಇಟ್ಟು ಅದರ ಮೇಲೆ ಒಳ್ಳೆ ಕಾಲು, ಯಂತ್ರದ ಮೇಲೆ ಆಪರೇಷನ್ ಆದ ಕಾಲು. ಮುಳ್ಳು 10–15 ಕಿಲೋ ತೋರಿಸುವಷ್ಟು ಒತ್ತಿ, ಆ ಅನುಭವ ನೆನಪಿಟ್ಟುಕೊಂಡು ನಡೆಯಿರಿ. ಪ್ರತಿ ವಾರ ಹೇಳಿದಷ್ಟು ಏರಿಸುತ್ತಾ ಹೋಗಿ. 10–12ನೇ ವಾರದ ಹೊತ್ತಿಗೆ ಹೆಚ್ಚಿನವರು ಊರುಗೋಲು ಬಿಡುತ್ತಾರೆ.

ಊರುಗೋಲು ಬಿಟ್ಟ ದಿನ ಫಿಸಿಯೋಥೆರಪಿಯನ್ನೂ ಬಿಡುವವರಿದ್ದಾರೆ. ಅಸಲಿ ಕೆಲಸ ಆಗ ಶುರು. ಮೀನಖಂಡ ಸೊರಗಿರುತ್ತದೆ, ಕಾಲಿಗೆ ಸಮತೋಲ ಮರೆತುಹೋಗಿರುತ್ತದೆ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು, ನಿಂತಲ್ಲೇ ತುಳಿಯುವ ಸೈಕಲ್, ಇವು ತಿಂಗಳುಗಟ್ಟಲೆ ಬೇಕು. ವ್ಯಾಯಾಮದ ಮರುದಿನ ಬೆಳಿಗ್ಗೆ ಊತ ಉಳಿದಿದ್ದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ಅರ್ಥ. ಅರ್ಧಕ್ಕೆ ಇಳಿಸಿ.

10. ಕೆಲಸಕ್ಕೆ ಮರಳುವುದು

ಅಂಗಡಿಯ ಗಲ್ಲಾ, ಕಚೇರಿ ಮೇಜು ಆದರೆ ಕಾಲು ಮೇಲಿಡಲು ಜಾಗ ಮಾಡಿಕೊಂಡು ಒಂದು ತಿಂಗಳೊಳಗೇ ಹೋಗಬಹುದು. ಬಲಗಾಲಿಗೆ ಆಗಿದ್ದರೆ ಬ್ರೇಕ್ ಗಟ್ಟಿಯಾಗಿ ತುಳಿಯುವಷ್ಟು ಬಲ ಬರುವವರೆಗೆ ಬೈಕು, ಆಟೋ, ಕಾರು ಬೇಡ. ನಿಂತು ಮಾಡುವ ಕಾರ್ಖಾನೆ ಕೆಲಸಕ್ಕೆ ಮೂರ್ನಾಲ್ಕು ತಿಂಗಳು. ಓಟ ನಾಲ್ಕರಿಂದ ಆರು ತಿಂಗಳ ನಂತರ. ಕಬಡ್ಡಿ, ವಾಲಿಬಾಲ್‌ನಂಥ ಹಾರುವ ತಿರುಗುವ ಆಟಕ್ಕೆ ಆರು ತಿಂಗಳಿಂದ ಒಂದು ವರ್ಷ. ತೆಂಗು, ಅಡಿಕೆ ಮರ ಹತ್ತುವವರನ್ನು ನಾನು ಆಟಗಾರರ ಲೆಕ್ಕಕ್ಕೇ ಸೇರಿಸುತ್ತೇನೆ. ಮರ ಹತ್ತುವಾಗ ಪಾದ ಒಳಕ್ಕೆ ತಿರುಗಿ ಕಾಂಡ ಹಿಡಿಯುತ್ತದೆ, ಇಳಿಯುವಾಗ ಕೊನೆಯ ಎರಡಡಿ ಎಲ್ಲರೂ ಧುಮುಕುತ್ತಾರೆ. ಮಧುಗಿರಿ ಬೆಟ್ಟದಂಥ ಕಡಿದಾದ ಬಂಡೆಯಲ್ಲೂ ಹತ್ತುವುದಕ್ಕಿಂತ ಇಳಿಯುವುದೇ ಕೀಲಿಗೆ ಭಾರ.

ಕಸಿ ಆದ ಕಾಲು ಹೊಚ್ಚ ಹೊಸ ಕಾಲಲ್ಲ. ಹೆಚ್ಚಿನವರಿಗೆ ನೋವು ಚೆನ್ನಾಗಿ ಇಳಿಯುತ್ತದೆ, ಕೆಲವರಿಗೆ ಅಷ್ಟಾಗಿ ಇಳಿಯುವುದಿಲ್ಲ. ಪೂರ್ತಿ ಕುಕ್ಕರಿಸಿ ಕೂರುವುದು ಎಲ್ಲರಿಗೂ ವಾಪಸ್ ಬರುವುದಿಲ್ಲ. ಒಂದು ವರ್ಷದವರೆಗೂ ಸುಧಾರಣೆ ನಡೆಯುತ್ತಲೇ ಇರುತ್ತದೆ, ಆದ್ದರಿಂದ ನಾಲ್ಕನೇ ತಿಂಗಳಿಗೇ ತೀರ್ಪು ಕೊಡಬೇಡಿ. ಗಿಣ್ಣಿನ ಸ್ಕ್ರೂ ಚಪ್ಪಲಿಗೆ, ಶೂಗೆ ಒತ್ತಿ ನೋಯಿಸಿದರೆ ಮೂಳೆ ಕೂಡಿದ ಮೇಲೆ ಸಣ್ಣ ಆಪರೇಷನ್‌ನಲ್ಲಿ ತೆಗೆಸಬಹುದು. ಆಗ ಬೇಕಾಗುತ್ತದೆ, ಡಿಸ್ಚಾರ್ಜ್ ಚೀಟಿಯನ್ನೂ ಸ್ಕ್ರೂ ಪ್ಯಾಕೆಟ್ಟಿನ ಸ್ಟಿಕ್ಕರನ್ನೂ ರೇಷನ್ ಕಾರ್ಡಿನ ಜೊತೆ ಎತ್ತಿಡಿ.